ಎರಡಲಗಿನ ಹುಟ್ಟು

ನಲವತ್ಮೂರಕ್ಕ ಕಲತೆ ನಾನು.
ತಾಸಿಗೆ ಇಪ್ಪತ್ತೈದು ಯೂರೋ ಕೊಟ್ಟು,
ಹತ್ತೊಂಬತ್ತರ ಹುಡುಗಿ ಕೈಯಾಗ,
ಗಾಲ್ವೇದ ಥಂಡಿ ನದಿಯಾಗ.

ಈ ಮಾತು ಸಾಬಣ್ಣ ಮಾವಗ ಹ್ಯಾಂಗ ಹೇಳಲಿ?
ಭೀಮಾ ದಂಡ್ಯಾಗ ಪುಟ್ಟಿ ಬೋರಲು ಹಾಕಿ
ಡಾಂಬರ ಹಚ್ಚಲಿಕತ್ತಾನ,
ತುಟಿಯಾಗಿನ ಬೀಡಿ ಆರ್ಯಾದ, ಅವಗ ಗೊತ್ತಿಲ್ಲ.

ನಮ್ಮದು ಅಂಬಿಗರ ಮನಿ.
ಅಜ್ಜ ದಾಟಿಸಿದ್ದು ಎಷ್ಟು ಮಂದಿ, ಎಷ್ಟು ದನ,
ಒಮ್ಮೆ ತಹಶೀಲ್ದಾರನ ಕಬ್ಬಿಣದ ಅಲಮಾರಿ ಸುದ್ದಾ.
ಆದ್ರ ಹೆಣ್ಮಕ್ಕಳ ಕೈಗೆ ಹುಟ್ಟು ಕೊಡೂ ಪದ್ಧತಿ ಇದ್ದಿಲ್ಲ.
ನಾವು ಬಲಿ ಹೊಲೀಬೇಕು, ಮೀನ ತೂಗಬೇಕು,
ಹೊತ್ತು ಇಳಿಯೂ ಮುಂದ ದಂಡಿಗೆ ಕುಂತು
ಪುಟ್ಟಿ ಎಣಿಸಬೇಕು:
ಹೋದವು ಏಳು, ಬಂದವು ಏಳು.
ಅಷ್ಟಾದ ಮ್ಯಾಲೇ ಒಲಿ ಹಚ್ಚೂದು.

ಅಲ್ಲಿ ದವಾಖಾನ್ಯಾಗ ನಾ ರಾತ್ರಿ ಪಾಳಿ ನರ್ಸ್.
ಮರೆಮ್ಮ ಅನ್ನಲಿಕ್ಕೆ ನಾಲಿಗಿ ತಿರುಗದೆ
ಮೇರಿ ಅಂತಾರ. ಅನ್ನಲಿ.
ಮುಂಜಾನಿ ಬಸ್ಸಿಗೆ ಕಾಯ್ತಾ ಸೇತುವೆ ಮ್ಯಾಲಿಂದ ನೋಡ್ತಿದ್ದೆ,
ಶೇಂಗಾ ಸಿಪ್ಪಿಯಂಥ ಕಯಾಕು,
ಅದರೊಳಗ ಸೊಂಟದ ತನಕ ಹೊಕ್ಕ ಮಂದಿ,
ಮ್ಯಾಲ ಮನಷ್ಯಾ, ಕೆಳಗ ಮೀನ.
ಎರಡು ವರ್ಷ ಬರೇ ನೋಡಿದೆ.
ಮೂರನೇದಕ್ಕ ಹೆಸರು ಬರೆಸಿದೆ.

ಮೊದಲ ಪಾಠ ಏನು ಗೊತ್ತೇನು?
ಮುಳುಗೂದು.
ಬೇಕಂತಲೇ ಬೋರಲಾಗಿ, ನೀರೊಳಗ ತಲಿಕೆಳಗ ಜೋತು
ಮೂರು ಎಣಿಸಿ, ಸೊಂಟಕ್ಕ ಬಿಗಿದ ರಬ್ಬರ ಲಂಗ ಕಿತ್ತು
ಹೊರಗ ಬರೂದು.
ಊನಾ ಅಂಬ ಆ ಹುಡುಗಿ ನಗತಾ ಹೇಳಿದಳು,
ಪಲ್ಯಕ್ಕ ಒಗ್ಗರಣಿ ಹೇಳಿದಂಗ.
ನನ್ನೆದಿ ಧಸಕ್ಕಂತು.
ನಮ್ಮ ಮನ್ಯಾಗ ಆ ಶಬ್ದ ಯಾರೂ ಅನ್ನಾಂಗಿಲ್ಲ.
ಸೂರ್ಯ ಸುದ್ದಾ ನಮ್ಮಲ್ಲಿ ಮುಳುಗಾಂಗಿಲ್ಲ,
ಬರೇ ಹೊತ್ತು ಇಳೀತದ.

ಬೋರಲಾದೆ.
ಕಿವಿಯಾಗ ಐರ್ಲೆಂಡಿನ ನೀರು,
ಎಣಿಕಿ ಮಾತ್ರ ಅವ್ವಂದು.
ಏಳರ ತನಕ ಎಣಿಸಿಬಿಟ್ಟೆ.
ಊನಾ ಗಾಬರಿ ಬಿದ್ದು
ಜುಟ್ಟ ಹಿಡಿದು ಎಳದಳು.

ಇವತ್ತು ರಜಾದ ನಾಕನೇ ದಿನ.
"ಮಾವಾ, ಪುಟ್ಟಿ ನಾ ನಡಸ್ತೀನಿ."
ಬ್ರಷ್ ನಿಂತಿತು.
ನನ್ನ ನೋಡಲಿಲ್ಲ ಅಂವ, ಹೊಳಿ ನೋಡಿದ.
ಆಮ್ಯಾಲ ಒಣಗಿದ ಪುಟ್ಟಿ ನೀರಿಗೆ ತಳ್ಳಿ, ಎದುರಿಗೆ ಕುಂತು
ಹುಟ್ಟು ಕೊಟ್ಟ.
ಒಂದೇ ಅಲಗು.

ಈ ಕಡಿ ಹಾಕಿದೆ, ಆ ಕಡಿ ಹಾಕಿದೆ,
ಯೂರೋ ಕೊಟ್ಟು ಕಲತದ್ದೆಲ್ಲ ಹಾಕಿದೆ.
ಪುಟ್ಟಿ ಗರಗರ ತಿರುಗಿತು.
ಯಾದಗಿರಿ ಕೋಟಿ ಗುಡ್ಡ ಒಮ್ಮೆ ಎದುರಿಗೆ,
ಒಮ್ಮೆ ಬೆನ್ನಿಗೆ, ಮತ್ತ ಎದುರಿಗೆ,
ಸೇತುವೆ ಮ್ಯಾಲಿನ ಹತ್ತಿ ಲಾರಿ
ಎರಡೂ ದಿಕ್ಕಿಗೆ ಹೋತು.
ಅರಿವಿ ಒಗಿಯೋ ಶಾಂತಬಾಯಿ
ಸೆರಗು ಬಾಯಿಗಿಟ್ಟು ನಗಲಿಕತ್ತಳು.

"ಬಾಜೂಕ ಅಲ್ಲ ಮಗಳ, ಮುಂದ.
ಮುಂದಿನ ನೀರು ಹಿಡಿ, ನಿನ್ನ ಕಡಿ ಜಗ್ಗು,
ಹಿಟ್ಟು ನಾದಿದಂಗ."
ಎಂದೂ ಹಿಟ್ಟು ಮುಟ್ಟದ ಮನಷ್ಯಾ!
ಆದ್ರ ಕೈಗೆ ತಿಳೀತು.
ಒಂದು ಮಾರು ಸರಿದೆವು.

ಆಗ ನನ್ನ ಬಾಯಿಂದ ಜಾರಿತು:
"ಅಲ್ಲಿ ಮೊದಲು ಮುಳುಗೂದು ಕಲಿಸ್ತಾರ, ಮಾವಾ."
ಶಾಂತಬಾಯಿ ಕಲ್ಲಿನ ಸಪ್ಪಳ ನಿಂತಿತು.
ಮಾವ ಬೊಗಸಿ ನೀರು ತಗೊಂಡು ಹಣಿಗೆ ಹಚ್ಚಿಕೊಂಡ.
ಭಾಳ ಹೊತ್ತಾದ ಮ್ಯಾಲ, ಮೆಲ್ಲಕ:
"ಮ್ಯಾಲ ಬರೂದು?"
"ಅದೂ."
"ಹಂಗಾರ ಬೇಸಾತು."

ದಂಡ್ಯಾಗ ಅವನ ಮೊಮ್ಮಗಳು ಭಾಗ್ಯಶ್ರೀ,
ಸಾಲಿ ಅಂಗಿ ಇನ್ನೂ ಮೈಮ್ಯಾಲ,
ಒದರಿದಳು: "ಹೋತು ಒಂದು!"

ನಾಕು ವರ್ಷದಾಕಿ ಇದ್ದಾಗಿಂದ ಎಣಿಸಿದಾಕಿ ನಾ.
ಎಣಿಸಿಕೊಂಡದ್ದು ಇವತ್ತೇ ಮೊದಲು.

ಪುಟ್ಟಿ ಮತ್ತ ಅರ್ಧ ಸುತ್ತು ತಿರುಗಿತು.
ತಿರುಗಲಿ ಬಿಡು, ಅಂದ ಮಾವ,
ಬೀಡಿ ಹಚ್ಚಲಿಕ್ಕೆ ಕಡ್ಡಿಪೆಟಗಿ ಹುಡುಕಿದ.
ನಾ ಚೆಲ್ಲಿದ ನೀರಾಗ ಅದು
ಪೂರಾ ತೊಯ್ದಿತ್ತು.